ಎಂಟು ಗಂಟೆಯ ಕೆಂಪು ಗೆರೆ

ಎರಡು ಏರ್‌ಪೋರ್ಟುಗಳ ಹೆಸರು ಹಾಕಿದರೆ ನಡುವೆ ಒಂದು ಕೆಂಪು ಗೆರೆ ಎಳೆದು ತೋರಿಸುವ ವೆಬ್‌ಸೈಟುಗಳಿವೆ. ಗೆರೆಯ ಕೆಳಗೆ ಇಷ್ಟು ಕಿಲೋಮೀಟರ್, ಇಷ್ಟು ಗಂಟೆ ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಅದನ್ನು ಮಾಡಿದವರು ಯಾರೋ ನನಗೆ ಗೊತ್ತಿಲ್ಲ, ಅವರ ಮೇಲೆ ನನಗೆ ಕೋಪವೂ ಇಲ್ಲ. ಗೆರೆ ಎಳೆಯುವುದು ಅವರ ಕೆಲಸ, ಎಳೆದಿದ್ದಾರೆ. ನನ್ನ ಕೋಪ ಇರುವುದು ಆ ಗೆರೆಯನ್ನು ಬೇಕಾದಾಗ ಉದ್ದ ಮಾಡಿ, ಬೇಕಾದಾಗ ಗಿಡ್ಡ ಮಾಡಿ ನನ್ನ ಕಣ್ಣ ಮುಂದೆ ಹಿಡಿದವರ ಮೇಲೆ. ಅವರು ಹೊರಗಿನವರಲ್ಲ. ಮದ್ರಾಸಿನ ವೆಸ್ಟ್ ಮಾಂಬಲಂನ ಇದೇ ಫ್ಲಾಟಿನಲ್ಲಿ, ನಾನು ಇದನ್ನು ಬರೆಯುತ್ತಿರುವಾಗ, ಹಾಲಿನಲ್ಲಿ ಕೂತು ಟೀವಿ ನೋಡುತ್ತಿದ್ದಾರೆ. ಓದಿದರೆ ಓದಲಿ.

ನನಗೊಬ್ಬಳು ಗೆಳತಿ. ಪಲ್ಲಾವರಂ ಕಂಟೋನ್ಮೆಂಟಿನ ಆಂಗ್ಲೋ ಇಂಡಿಯನ್ ಹುಡುಗಿ, ಅಪ್ಪ ರೈಲ್ವೆಯಲ್ಲಿ ಗಾರ್ಡ್. ನಾನು ಮಾಂಬಲಂನ ಕನ್ನಡ ಮಾಧ್ವರ ಮನೆಯವಳು, ನಮ್ಮ ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದು ನೆಲೆ ನಿಂತವರು. ನಾವಿಬ್ಬರೂ ಎಗ್ಮೋರಿನ ಕಡೆಯ ಒಂದು ಕಾನ್ವೆಂಟಿನಲ್ಲಿ ಓದಿದೆವು. ಹೋಗಿ ಬರುವುದು ಎಲೆಕ್ಟ್ರಿಕ್ ಟ್ರೇನಿನಲ್ಲಿ. ಅವಳು ಪಲ್ಲಾವರಂನಲ್ಲಿ ಹತ್ತಿ ಲೇಡೀಸ್ ಕಂಪಾರ್ಟ್‌ಮೆಂಟಿನಲ್ಲಿ ನನಗೂ ಜಾಗ ಹಿಡಿದು, ಮಾಂಬಲಂ ಬಂದ ಕೂಡಲೇ ಬಾಗಿಲಿಗೆ ಬಂದು ನಿಂತು, "ಏಯ್ ಮಾಂಬಲಂ! ಇಂಗೆ ವಾ ಡೀ!" ಎಂದು, ಇಲ್ಲಿ ಬಾರೇ ಎಂದು ತಮಿಳಿನಲ್ಲಿ ಕೂಗುತ್ತಿದ್ದಳು. ಪ್ಲಾಟ್‌ಫಾರಂ ಪೂರ್ತಿ ತಿರುಗಿ ನೋಡುತ್ತಿತ್ತು. ನನಗೆ ನಾಚಿಕೆ. ಅವಳಿಗೆ ನಾಚಿಕೆ ಎನ್ನುವ ಪದಾರ್ಥವೇ ಇರಲಿಲ್ಲ. ಅವಳು ನನಗಿಟ್ಟ ಹೆಸರು ಮಾಂಬಲಂ, ನಾನು ಅವಳಿಗಿಟ್ಟದ್ದು ಪಲ್ಲಾವರಂ. ಎಪ್ಪತ್ತು ದಾಟಿದ ಮೇಲೂ ಹಾಗೇ ಕರೆದುಕೊಳ್ಳುತ್ತೇವೆ.

ಅವಳ ದನಿಯ ಬಗ್ಗೆ ಹೇಳಬೇಕು. ಸಣ್ಣ ಒಡಕಿದ್ದ, ಸ್ವಲ್ಪ ಗಂಡಸಿನಂಥ, ಗೋಡೆಯಾಚೆಗೂ ಹೋಗುವ ದನಿ. ಚ್ಯಾಪೆಲ್‌ನಲ್ಲಿ ಎಲ್ಲರೂ ಹಾಡುವಾಗ ಸಿಸ್ಟರ್ ಅವಳೊಬ್ಬಳ ಕಡೆ ಕೈ ಕೆಳಗೆ ಮಾಡಿ ತೋರಿಸುತ್ತಿದ್ದರು, ಮೆತ್ತಗೆ, ಮೆತ್ತಗೆ ಎಂದು. ನಮ್ಮ ಅಜ್ಜಿ ಅಡಿಗೆಮನೆಯಿಂದಲೇ, "ನಿನ್ನ ಪಲ್ಲಾವರಂ ಬಂದಳು ನೋಡೇ, ಬೀದಿ ತಿರುವಿನಲ್ಲಿದಾಳೆ" ಎನ್ನುತ್ತಿದ್ದರು. ಎರಡು ನಿಮಿಷಕ್ಕೆ ಅವಳು ಬಾಗಿಲಲ್ಲಿ ಇರುತ್ತಿದ್ದಳು. ಮುಂದೆ ಎಗ್ಮೋರಿನ ಒಂದು ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆದಳು. ಮದುವೆಯಾಗಿ ಗಂಡನ ಜೊತೆ ಆಸ್ಟ್ರೇಲಿಯಾದ ಪರ್ತ್‌ಗೆ ಹೋದಳು. ಹೋಗಿ ಒಂದು ಆಯುಷ್ಯವೇ ಆಯಿತು. ಪ್ರತಿ ಭಾನುವಾರ ಫೋನು. ಎದುರು ಬದುರು ಕೂತದ್ದು ಮಾತ್ರ, ಅವಳು ತಾಯಿಯ ಮಣ್ಣಿಗೆಂದು ಬಂದಾಗ ಒಮ್ಮೆ, ಅಷ್ಟೇ.

ಈ ಜನವರಿ ಕಳೆದ ಮೇಲೆ ಒಂದು ಭಾನುವಾರ ಅವಳ ದನಿ ಗೊರಗೊರ ಎನ್ನುತ್ತಿತ್ತು. ನೆಗಡಿಯೇನೇ ಎಂದೆ.

"ನೆಗಡಿ ಅಲ್ಲ, ಮಾಂಬಲಂ. ಗಂಟಲಲ್ಲಿ ಗೆಡ್ಡೆ. ವಾಯ್ಸ್ ಬಾಕ್ಸೇ ತೆಗೆದುಹಾಕ್ತಾರಂತೆ, ಹೋಲ್ ಥಿಂಗ್. ಮುಂದಿನ ವಾರ ಬಿಟ್ಟು ಅದರ ಮುಂದಿನ ಗುರುವಾರ ಬೆಳಿಗ್ಗೆ."

ಅವಳೇ ಮುಂದುವರಿಸಿದಳು. ಅವಳದು ಇಂಗ್ಲಿಷು, ನಡುನಡುವೆ ಪಲ್ಲಾವರಂ ತಮಿಳು. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಳಬೇಡ. ಜೀವಕ್ಕೇನೂ ಆಗಲ್ಲ ಅಂತ ಡಾಕ್ಟರ್ ಹೇಳಿದ್ದಾನೆ. ಹೋಗೋದು ದನಿ ಒಂದೇ. ಅದು ಹೋಗೋ ಮುಂಚೆ ಬಾ ಡೀ. ನಾಲ್ಕು ದಿನ ಕೂತು ಮಾತಾಡೋಣ, ಜಗಳ ಆಡೋಣ. ಆಮೇಲೆ ನೀನೊಬ್ಬಳೇ ಮಾತಾಡ್ತೀಯ, ನಾನು ಸುಮ್ಮನೆ ಕೂತು ಕೇಳಬೇಕು. ಅಂಥ ಪನಿಶ್‌ಮೆಂಟ್ ಯಾರಿಗೆ ಬೇಕು?"

"ಈಗ ಫೋನಲ್ಲಿ ಮಾತಾಡ್ತಾನೇ ಇದ್ದೀವಲ್ಲೇ."

"ಫೋನಲ್ಲಿ ದನಿ ಅರ್ಧ ಬರುತ್ತೆ. ಆಪರೇಟರ್ ಆಗಿದ್ದವಳು ಹೇಳ್ತಿದ್ದೀನಿ, ನಂಬು."

ನನ್ನ ಹತ್ತಿರ ವೀಸಾ ಇತ್ತು. ಹಿಂದಿನ ವರ್ಷ ಅವಳ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಹೋಗಬೇಕೆಂದು ಮಾಡಿಸಿದ್ದೆ. ಆಗ ನಮ್ಮ ಭಾವನ, ಎಂದರೆ ನನ್ನ ಯಜಮಾನರ ಅಣ್ಣನ, ಸಹಸ್ರಚಂದ್ರ ಶಾಂತಿ ಬಂತು. ಮನೆಯ ಸೊಸೆ ಇಲ್ಲದೆ ಹೋಮ ಹೇಗೆ ಎಂದರು. ಉಳಿದೆ. ವೀಸಾದ ಗಡುವು ಇನ್ನೂ ಮುಗಿದಿರಲಿಲ್ಲ. ಈ ಸಲ ಯಾರ ಶಾಂತಿಯೂ ಇಲ್ಲ, ಮದುವೆ ಮುಂಜಿಯೂ ಇಲ್ಲ. ಮರುದಿನ ಮಗ ಆಫೀಸಿನಿಂದ ಬಂದ ಕೂಡಲೇ ಹೇಳಿದೆ.

ಅವನು ಕಾಫಿ ಲೋಟ ಕೆಳಗಿಡದೆಯೇ ಫೋನ್ ತೆಗೆದ. ಬೆರಳಾಡಿಸಿದ. ಮುಖ ಗಂಭೀರ ಮಾಡಿಕೊಂಡ.

"ಅಮ್ಮಾ, ಮೂವತ್ತು ಗಂಟೆ ಮೇಲಾಗುತ್ತೆ. ಈ ವಯಸ್ಸಲ್ಲಿ ಮುಡಿಯುಮಾ, ಆಗುತ್ತಾ? ಬೇಡ."

"ಎಲ್ಲಿ, ಕೊಡು ಇಲ್ಲಿ" ಎಂದು ಕನ್ನಡಕ ಹಾಕಿಕೊಂಡು ನೋಡಿದೆ. ನಮ್ಮ ಹುಡುಗ ಇದ್ದುದರಲ್ಲಿ ಅತಿ ಅಗ್ಗದ ಟಿಕೆಟ್ಟನ್ನು ಮೇಲೆ ತಂದಿಟ್ಟುಕೊಂಡಿದ್ದ. ಅದು ಚೆನ್ನೈನಿಂದ ಮೊದಲು ಡೆಲ್ಲಿಗೆ, ಅಲ್ಲಿ ಒಂದು ಹಗಲು ಪೂರ್ತಿ ಕೂತು, ಸಿಂಗಪುರಕ್ಕೆ ಬಂದು, ಅಲ್ಲೂ ಕೂತು, ಆಮೇಲೆ ಪರ್ತ್‌ಗೆ. ದಕ್ಷಿಣಕ್ಕೆ ಹೋಗಬೇಕಾದ ಮುದುಕಿಯನ್ನು ಮೊದಲು ಉತ್ತರಕ್ಕೆ ಒಯ್ಯುವ ಫ್ಲೈಟು! ಅದನ್ನು ಆರಿಸಿ ನನಗೆ ತೋರಿಸಲು ಅವನಿಗೆ ಮನಸ್ಸಾದರೂ ಹೇಗೆ ಬಂತು?

"ಇದೇನೋ, ಡೆಲ್ಲಿಯಲ್ಲಿ ನನಗೇನು ಕೆಲಸ?"

"ಅದು ರೂಟ್ ಅಮ್ಮಾ. ಡಿಸ್ಟೆನ್ಸ್ ಅಂದರೆ ಸುಮ್ಮನೇನಾ? ವಿಡಿಯೋ ಕಾಲ್ ಮಾಡಿ ಆಂಟಿ ಜೊತೆ ಮಾತಾಡು. ಬೇಕಾದರೆ ರೆಕಾರ್ಡ್ ಮಾಡ್ಕೊಡ್ತೀನಿ, ಯಾವಾಗ ಬೇಕಾದರೂ ಕೇಳಬಹುದು."

ರೆಕಾರ್ಡ್ ಮಾಡಿಕೊಡುತ್ತಾನಂತೆ. ಅವಳಿನ್ನೂ ಬದುಕಿರುವಾಗಲೇ.

ನನ್ನ ಹೊಟ್ಟೆ ಉರಿದದ್ದು ಯಾಕೆಂದು ತಿಳಿಯಬೇಕಾದರೆ ವ್ಯಾಂಕೂವರ್ ವಿಷಯ ಹೇಳಬೇಕು. ನನ್ನ ಮಗಳು ಅಲ್ಲಿ ಹಲ್ಲಿನ ಡಾಕ್ಟರ್. ಅವಳ ಎರಡು ಬಾಣಂತನಕ್ಕೂ ಹೋದವಳು ನಾನೇ. ಚೆನ್ನೈನಿಂದ ವ್ಯಾಂಕೂವರ್ ಎಂದರೆ ಪರ್ತ್‌ನ ಎರಡರಷ್ಟು ದೂರ. ಅದೇ ವೆಬ್‌ಸೈಟಿನಲ್ಲಿ ಆಮೇಲೆ ನಾನೇ ಹಾಕಿ ನೋಡಿದ್ದೇನೆ. ಎರಡನೆಯ ಸಲ ಹೋದಾಗ ಮೊಣಕಾಲು ಊದಿಕೊಂಡು ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಎರಡು ಕಡೆ ಫ್ಲೈಟ್ ಬದಲಾಯಿಸಿ, ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ, ಮೆಂತ್ಯದ ಹಿಟ್ಟು, ಹುರಿದ ಓಮ, ಮಗುವಿಗೆಂದು ಹಳೇ ಸೀರೆ ಬಟ್ಟೆ ಹೊತ್ತುಕೊಂಡು, ಅಲ್ಲಿನ ಕಸ್ಟಮ್ಸ್‌ನವನಿಗೆ ಲೇಹ್ಯ ಎಂದರೆ ಏನು ಎಂದು ಕಾನ್ವೆಂಟ್ ಇಂಗ್ಲಿಷಿನಲ್ಲಿ ಪಾಠ ಮಾಡಿ, ಹಿಮದಲ್ಲಿ ಇಳಿದಿದ್ದೆ. ಆಗ ಯಾರೂ ಈ ವಯಸ್ಸು ಎನ್ನಲಿಲ್ಲ. ಇದೇ ಮಗ, ಇದೇ ಹಾಲಿನಲ್ಲಿ, ಇದೇ ಸೋಫಾದ ಮೇಲೆ ಕೂತು, "ಏನೂ ಇಲ್ಲ ಅಮ್ಮಾ, ಒಂದು ನಿದ್ದೆ ಮಾಡಿ ಎದ್ದರೆ ವ್ಯಾಂಕೂವರ್" ಎಂದಿದ್ದ.

ಅದನ್ನೇ ಈಗ ಅವನಿಗೆ ನೆನಪಿಸಿದೆ.

"ಅದು ಬೇರೆ ಅಮ್ಮಾ."

"ಹೇಗೋ ಬೇರೆ? ಆ ಪ್ಲೇನಿಗೆ ಬೇರೆ ರೆಕ್ಕೆ ಇತ್ತಾ?"

"ಅದು ನೆಸೆಸಿಟಿ. ಇದು..." ಎಂದು ನಿಲ್ಲಿಸಿದ.

"ಹೇಳು. ಇದು ಏನು?"

ಸೊಸೆ ಒಳಗಿನಿಂದ ಬಂದು, "ಅತ್ತೆ, ಅವರು ಹೇಳೋದು ನಿಮ್ಮ ಒಳ್ಳೇದಕ್ಕೇ" ಎಂದಳು. ಅವಳು ಮೈಸೂರಿನವಳು, ಮೆತ್ತಗಿನ ಮಾತು. ಮೆತ್ತಗಿನ ಮಾತಿನಲ್ಲಿ ಹೇಳಿದರೆ ಎಲ್ಲವೂ ನಮ್ಮ ಒಳ್ಳೆಯದಕ್ಕೇ ಆಗುತ್ತದೆ.

ಇದು ಲಕ್ಷುರಿ ಎನ್ನಲು ಹೊರಟಿದ್ದ ಅವನು. ನನಗೆ ಗೊತ್ತು. ಮಗಳ ಮಗುವಿಗೆ ಎಣ್ಣೆ ಒತ್ತಿ ನೀರು ಹಾಕುವುದು ಅಗತ್ಯ. ಆರು ವರ್ಷದವಳಿದ್ದಾಗಿನಿಂದ ಗೊತ್ತಿರುವ ಗೆಳತಿಯ ದನಿಯನ್ನು ನನ್ನ ಎರಡು ಕಿವಿಯಲ್ಲಿ ಕೇಳುವುದು ಶೋಕಿ. ಹೆಂಗಸಿನ ಕೈಯಿಂದ ಏನಾದರೂ ಆಗಬೇಕಾಗಿದ್ದರೆ ಭೂಗೋಳ ಕುಗ್ಗುತ್ತದೆ, ಅವಳಿಗೇ ಏನಾದರೂ ಬೇಕಾದರೆ ಹಿಗ್ಗುತ್ತದೆ. ಈ ಜಾಗ್ರಫಿಯನ್ನು ನಮಗೆ ಯಾವ ಸಿಸ್ಟರೂ ಕಲಿಸಲಿಲ್ಲ.

ಸುಮ್ಮನಿರಲಿಲ್ಲ ನಾನು. ನಾಳೆಯೇ ಎಗ್ಮೋರಿಗೆ ಹೋಗಿ ಟ್ರಾವೆಲ್ ಏಜೆಂಟಿನ ಮುಂದೆ ಕೂರುತ್ತೇನೆ, ಬಳೆ ಬಿಚ್ಚಿ ಕೊಟ್ಟು ಟಿಕೆಟ್ ತರುತ್ತೇನೆ ಎಂದೆ. ಬೀದಿಯವರಿಗೆ ಕೇಳುವ ಹಾಗೆಯೇ ಎಂದೆ. ಪಕ್ಕದ ಫ್ಲಾಟಿನ ಮಾಮಿ ಬಾಗಿಲು ತೆರೆದದ್ದು ಕೇಳಿಸಿತು. ಅದಕ್ಕೆ ಹೆದರಿಯೇ ಇರಬೇಕು, ಮಗ ಆ ಸಂಜೆಯೇ ಕ್ವಾಲಾಲಂಪುರದ ಮೇಲೆ ಹೋಗುವ ಒಂದು ಒಳ್ಳೆಯ ಟಿಕೆಟ್ ಮಾಡಿದ. ಶನಿವಾರ ಬೆಳಿಗ್ಗೆ ಹೊರಟರೆ ಭಾನುವಾರದೊಳಗೆ ಪರ್ತ್, ಮೂರು ವಾರ ಬಿಟ್ಟು ವಾಪಸ್. ಗುರುವಾರಕ್ಕೆ ಮುಂಚೆ ನಾಲ್ಕು ದಿನ. ಅವಳು ಕೇಳಿದ್ದೂ ನಾಲ್ಕೇ ದಿನ. ಫೋನು ಮಾಡಿ ಹೇಳಿದಾಗ ಆ ಗೊರಗೊರ ದನಿಯಲ್ಲೇ ಕಿರುಚಿದಳು, ಕಿವಿಯಿಂದ ಫೋನು ದೂರ ಹಿಡಿಯಬೇಕಾಯಿತು.

ಆಮೇಲೆ ಭಾವ ಬಂದರು. ನಮ್ಮದೇ ಕಟ್ಟಡದ ಕೆಳಗಿನ ಫ್ಲಾಟಿನಲ್ಲಿದ್ದಾರೆ. ವಯಸ್ಸು ಎಂಬತ್ತು ದಾಟಿದರೂ ಪಂಚಾಂಗ ನೋಡಲು ಕನ್ನಡಕ ಬೇಡ. ಈ ಮನೆಯಿಂದ ಯಾರು ಹೊರಟರೂ ದಿನ ಇಟ್ಟುಕೊಡುವವರು ಅವರೇ. ಮಗ ಅವರಿಗೆ ಯಾವಾಗ ಹೇಳಿದನೋ, ಶುಕ್ರವಾರ ಬೆಳಿಗ್ಗೆ ಪಂಚಾಂಗ ಕಂಕುಳಲ್ಲಿಟ್ಟುಕೊಂಡು ಮೇಲೆ ಹತ್ತಿ ಬಂದರು. ನಾನು ಪೆಟ್ಟಿಗೆ ತುಂಬುತ್ತಿದ್ದೆ.

"ಏನಮ್ಮಾ, ಶನಿವಾರ ಹೊರಡ್ತೀಯಂತೆ? ಶನಿವಾರ ಪೂರ್ವಕ್ಕೆ ವಾರಶೂಲೆ ಅಲ್ವೇನಮ್ಮಾ? ಪ್ಲೇನು ಹೊರಟ ಕೂಡಲೇ ಸಮುದ್ರದ ಮೇಲೆ ಪೂರ್ವಕ್ಕೇ ತಾನೆ ಹೋಗೋದು?"

ವಾರಶೂಲೆ ಎಂದರೆ ಇಂಥ ವಾರ ಇಂಥ ದಿಕ್ಕಿಗೆ ಪ್ರಯಾಣ ಹೊರಡಬಾರದು ಎನ್ನುವ ಲೆಕ್ಕ. ನಮ್ಮ ಅಡಿಗೆಮನೆಯಲ್ಲಿ ನೇತು ಹಾಕಿರುವ ತಮಿಳು ಕ್ಯಾಲೆಂಡರಿನ ಪ್ರತಿ ಹಾಳೆಯಲ್ಲೂ ಅದಿರುತ್ತದೆ, ಕೆಳಗೇ ಪರಿಹಾರವೂ ಇರುತ್ತದೆ.

"ಕ್ಯಾಲೆಂಡರಲ್ಲಿ ಪರಿಹಾರಂ ತಯಿರ್ ಅಂತ ಹಾಕಿದೆ ಭಾವ. ಒಂದು ಲೋಟ ಮೊಸರು ಕುಡಿದೇ ಹೊರಡ್ತೀನಿ."

"ಅದು ವೆಲ್ಲೂರಿಗೆ ಹೋಗೋರಿಗೆ. ಸಮುದ್ರ ದಾಟಕ್ಕೆ ಮೊಸರು ಸಾಲಲ್ಲಮ್ಮಾ."

"ವ್ಯಾಂಕೂವರಿಗೆ ಕಳಿಸಿದಾಗ ಶೂಲೆ ನೋಡಿದ್ರಾ?"

"ನೋಡದೆ ಏನು? ಆ ಊರು ಭೂಮಿಗೆ ಆ ಕಡೆ ಇದೆ. ಪೂರ್ವಕ್ಕೆ ಹೋದರೂ ಸಿಗುತ್ತೆ, ಪಶ್ಚಿಮಕ್ಕೆ ಹೋದರೂ ಸಿಗುತ್ತೆ. ಯಾವ ವಾರವಾದರೂ ದೋಷ ಇಲ್ಲ."

ನೋಡಿ. ಬಾಣಂತನದ ಊರಿಗೆ ಎಲ್ಲ ದಿಕ್ಕೂ ತೆರೆದಿರುತ್ತದೆ.

ಹಾಗಾದರೆ ಭಾನುವಾರ ಹೊರಡುತ್ತೇನೆ ಎಂದೆ. ಭಾನುವಾರ ಅಮಾವಾಸ್ಯೆ. ಇಲ್ಲಿ ಮದ್ರಾಸಿನಲ್ಲಿ ಅಮಾವಾಸ್ಯೆ ಒಳ್ಳೆಯ ದಿನ, ಅಂಗಡಿ ತೆರೆಯುತ್ತಾರೆ, ಹೊಸ ಗಾಡಿ ತರುತ್ತಾರೆ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದು, ತಮಿಳಿನಲ್ಲಿ ಕನಸು ಕಾಣುವ ನಮ್ಮ ಭಾವ ಅಮಾವಾಸ್ಯೆಯ ವಿಷಯಕ್ಕೆ ಬಂದರೆ ಮಾತ್ರ ಅಪ್ಪಟ ಕನ್ನಡಿಗರು. "ನಮ್ಮವರು ಅಮಾವಾಸ್ಯೆ ದಿನ ಹೊಸಲು ದಾಟಲ್ಲ." ಸೋಮವಾರ ಮತ್ತೆ ಪೂರ್ವಕ್ಕೆ ಶೂಲೆ. ಮಂಗಳವಾರ ಉತ್ತರಕ್ಕೆ, ಅದು ನನಗೆ ಸಂಬಂಧವಿಲ್ಲ. "ಮಂಗಳವಾರ ಹೊರಡು, ಪ್ರಶಸ್ತವಾಗಿದೆ" ಎಂದು ಪಂಚಾಂಗ ಮುಚ್ಚಿದರು. ಹೋಗುವ ಮುಂಚೆ ಇನ್ನೊಂದು ಮಾತು.

"ಆ ಸಟ್ಟೆಕಾರರ ಮನೇಲಿ ಮೂರು ವಾರ ಏನಮ್ಮಾ ತಿಂತೀಯ?" ಸಟ್ಟೆಕಾರರು ಎಂದರೆ ಇಲ್ಲಿನವರ ಬಾಯಲ್ಲಿ ಆಂಗ್ಲೋ ಇಂಡಿಯನ್ನರು.

"ಅವರ ಮನೇಲಿ ನಾನು ತಿನ್ನದ್ದು ಏನೂ ಬಾಕಿ ಇಲ್ಲ ಭಾವ. ಎಲ್ಲಾ ಸ್ಕೂಲಲ್ಲಿದ್ದಾಗಲೇ ಆಗಿದೆ."

ಅವರು ಕೃಷ್ಣ ಕೃಷ್ಣ ಎನ್ನುತ್ತಾ ಇಳಿದು ಹೋದರು. ಗೆದ್ದೆ, ಶನಿವಾರವೇ ಹೊರಡುವುದು ಎಂದುಕೊಂಡು ನಾನು ಸೀರೆ ಮಡಿಸುತ್ತಿದ್ದೆ. ಸಂಜೆ ಮಗ ಬಂದು ಟಿಕೆಟ್ ಮಂಗಳವಾರಕ್ಕೆ ಬದಲಾಯಿಸಿದ್ದಾಯಿತು ಎಂದ. ಕೇಳಲಿಲ್ಲ. ಹೇಳಿದ. ಹೌ ಡೇರ್ ಹಿ! ಶನಿವಾರದ್ದನ್ನೇ ವಾಪಸ್ ತಗೋ ಎಂದು ಕೂಗಾಡಿದೆ. ಆ ಸೀಟು ಆಗಲೇ ಹೋಗಿತ್ತು. ಟಿಕೆಟ್ ಅವನ ಫೋನಿನಲ್ಲಿ, ಪಾಸ್‌ಪೋರ್ಟ್ ಅವನ ಬೀರುವಿನಲ್ಲಿ. ನನ್ನ ಕೈಯಲ್ಲಿದ್ದದ್ದು ಮಡಿಸಿದ ಸೀರೆ.

"ದೊಡ್ಡಪ್ಪನ ಮನಸ್ಸು ನೋಯಿಸೋದು ಯಾಕಮ್ಮಾ? ಮೂರು ದಿನ ತಾನೆ. ನೋಡು ಇಲ್ಲಿ" ಎಂದು ಫೋನ್ ಹಿಡಿದ. ಆ ಕೆಂಪು ಗೆರೆಯನ್ನು ನಾನು ಮೊದಲು ನೋಡಿದ್ದು ಆಗಲೇ. ಚೆನ್ನೈನಿಂದ ಹೊರಟು ನೀಲಿ ಸಮುದ್ರದ ಮೇಲೆ ಸ್ವಲ್ಪ ಬಾಗಿ ಪರ್ತ್ ಮುಟ್ಟಿತ್ತು. ಕೆಳಗೆ ಎಂಟು ಗಂಟೆ ಎಂದಿತ್ತು. "ಎಂಟೇ ಗಂಟೆ ಅಮ್ಮಾ. ಮಂಗಳವಾರ ಹತ್ತಿದರೆ ಬುಧವಾರ ಪೂರ್ತಿ ಆಂಟಿ ಜೊತೆ. ಗುರುವಾರ ಅಲ್ವಾ ಆಪರೇಷನ್? ಪ್ಲೆಂಟಿ ಆಫ್ ಟೈಮ್."

"ಹೋದ ವಾರ ಮೂವತ್ತು ಗಂಟೆ ಅಂದೆಯಲ್ಲೋ?"

"ಅದು ಬೇರೆ ರೂಟ್."

"ಈ ಗೆರೆಯ ಮೇಲೆ ಯಾವ ಪ್ಲೇನೂ ಹೋಗಲ್ಲ. ನನ್ನ ಟಿಕೆಟ್ ಕ್ವಾಲಾಲಂಪುರದ ಮೇಲಿದೆ. ಅಲ್ಲಿ ಇಳಿದು ಬೇರೆ ಹತ್ತಬೇಕು. ಒಂದು ತಪ್ಪಿದರೆ?"

"ಯಾಕಮ್ಮಾ ತಪ್ಪುತ್ತೆ? ಅದು ದಾರಿಯಲ್ಲೇ ಇದೆ. ಎಗ್ಮೋರಿಗೆ ಹೋಗುವಾಗ ನುಂಗಂಬಾಕ್ಕಂ ಬರಲ್ವಾ, ಹಾಗೆ."

ಅವನು ಲೆಕ್ಕ ಬಾರದವನಲ್ಲ. ಆಡಿಟರ್ ಅವನು. ಊರಿನವರ ಲೆಕ್ಕವನ್ನೆಲ್ಲ ಸರಿಯಾಗಿಯೇ ನೋಡುತ್ತಾನೆ. ನನ್ನನ್ನು ಹೊರಡದ ಹಾಗೆ ಮಾಡಬೇಕಾಗಿದ್ದಾಗ ಅತಿ ಉದ್ದದ ದಾರಿ ಹುಡುಕಿದ. ಹೊರಡುವುದನ್ನು ಮುಂದೂಡಬೇಕಾದಾಗ ಇಲ್ಲದ ದಾರಿಯನ್ನು ತೋರಿಸಿದ. ಎರಡು ಸಲವೂ ಅವನ ಮುಖದಲ್ಲಿ ಒಂದೇ ಪ್ರೀತಿ. ಅದೇ ನನ್ನನ್ನು ಉರಿಸುವುದು. ಕೆಟ್ಟವರ ಮೇಲೆ ಕೋಪ ಮಾಡಿಕೊಂಡರೆ ಒಂದು ದಿನ ಮುಗಿಯುತ್ತದೆ. ಪ್ರೀತಿಯಿಂದ ಅಡ್ಡ ನಿಂತವರ ಮೇಲಿನ ಕೋಪವನ್ನು ಎಲ್ಲಿ ಇಡುವುದು?

ಮಂಗಳವಾರ ಬೆಳಿಗ್ಗೆ ಭಾವ ಮಂತ್ರಾಕ್ಷತೆ ಹಾಕಿ ಕಳಿಸಿದರು. ಮಗ ಏರ್‌ಪೋರ್ಟಿನ ಬಾಗಿಲ ತನಕ ಬಂದು, ಮಾತ್ರೆ ಪೊಟ್ಟಣ ಎಲ್ಲಿದೆ ಎಂದು ಮೂರು ಸಲ ಹೇಳಿ, ನಮಸ್ಕಾರ ಮಾಡಿ ಹೋದ. ಒಳಗೆ ಹೋಗಿ ಕೂತೆ. ವಿಮಾನದಲ್ಲಿ ಏನೋ ತೊಂದರೆ ಎಂದರು. ಸರಿಯಾಗುತ್ತೆ ಎಂದರು. ಊಟದ ಪೊಟ್ಟಣ ಹಂಚಿದರು. ಆ ಪೊಟ್ಟಣ ನೋಡಿದಾಗಲೇ ನನಗೆ ಗೊತ್ತಾಯಿತು, ಬೇಗ ಹೊರಡುವ ವಿಮಾನಕ್ಕೆ ಯಾರೂ ಊಟ ಕೊಡುವುದಿಲ್ಲ. ಶೂಲೆಯಿಲ್ಲದ, ಅಮಾವಾಸ್ಯೆಯಿಲ್ಲದ, ಪ್ರಶಸ್ತವಾದ ಮಂಗಳವಾರದ ಮಧ್ಯಾಹ್ನವನ್ನು ಪೂರ್ತಿ ಮೀನಂಬಾಕ್ಕಂ ಏರ್‌ಪೋರ್ಟಿನಲ್ಲೇ ಕಳೆದೆ. ಕೊನೆಗೆ ಹೊರಟಾಗ ಕಿಟಕಿಯ ಕೆಳಗೆ ಪಲ್ಲಾವರಂ ಗುಡ್ಡ ಕಂಡು ಹಿಂದೆ ಸರಿಯಿತು. ಅವಳ ಮನೆ ಇದ್ದ ರಸ್ತೆಯನ್ನು ಹುಡುಕುವಷ್ಟರಲ್ಲಿ ಸಮುದ್ರ ಬಂತು.

ಕ್ವಾಲಾಲಂಪುರದಲ್ಲಿ ಇಳಿದಾಗ ಪರ್ತ್ ವಿಮಾನ ಹೋಗಿಯಾಗಿತ್ತು. ಕೌಂಟರಿನ ಹುಡುಗಿ ಬಹಳ ಮರ್ಯಾದೆಯವಳು, ಕೈ ಜೋಡಿಸಿಯೇ ಹೇಳಿದಳು. ಬುಧವಾರದ್ದೆಲ್ಲ ತುಂಬಿದೆ ಮೇಡಂ, ಗುರುವಾರ ಬೆಳಗಿನದರಲ್ಲಿ ಸೀಟು ಕೊಡುತ್ತೇನೆ, ಹೋಟೆಲ್ ಕೊಡುತ್ತೇವೆ. ಗುರುವಾರ ನನ್ನ ಗೆಳತಿಗೆ ಆಪರೇಷನ್ ಎಂದೆ. ಸಾರಿ ಮೇಡಂ ಎಂದಳು. ಪಾಪ, ಅವಳೇನು ಮಾಡುತ್ತಾಳೆ.

ಮಗನಿಗೆ ಫೋನ್ ಮಾಡಿದೆ.

"ನಿನ್ನ ಎಂಟು ಗಂಟೆ ಆಗಿ ಹೋಯ್ತಪ್ಪ. ಈಗ ನಾನು ಎಲ್ಲಿದ್ದೀನಿ ಹೇಳು?"

"ಅಮ್ಮಾ, ಅದು ಬರೀ ಫ್ಲೈಯಿಂಗ್ ಟೈಮ್..."

"ಬರೀ ಅಂತ ಅವತ್ತು ಯಾಕೋ ಹೇಳಲಿಲ್ಲ?"

"ಟೆನ್ಷನ್ ಮಾಡ್ಕೋಬೇಡ ಅಮ್ಮಾ, ಬಿಪಿ ಏರುತ್ತೆ. ಮಾತ್ರೆ ತಗೊಂಡ್ಯಾ?"

ಫೋನು ಇಟ್ಟೆ.

ಬುಧವಾರ ಬೆಳಿಗ್ಗೆ ಹೋಟೆಲಿನಲ್ಲಿ ಕೂರಲಾಗಲಿಲ್ಲ. ಯಾರಾದರೂ ಬಾರದೆ ಹೋದರೆ ಅವರ ಸೀಟು ಸಿಗಬಹುದು ಎಂದು ಆ ಹುಡುಗಿ ಹೇಳಿದ್ದಳು. ಹಾಗಾಗಿ ಏರ್‌ಪೋರ್ಟಿನ ಕೌಂಟರಿನ ಎದುರು, ಸ್ಟೀಲಿನ ಕುರ್ಚಿಯ ಮೇಲೆ ಕೂತೆ. ಜನ ಬಾರದೇ ಇರಲಿ ಎಂದು ದೇವರನ್ನು ಬೇಡಿಕೊಂಡೆ, ಎಲ್ಲರೂ ಬಂದರು. ಮಧ್ಯಾಹ್ನದ ಮೇಲೆ ಫೋನು ಬಂತು. ಗೆಳತಿಯ ಮಗಳು. "ಆಂಟಿ, ಮಮ್ಮಿಯನ್ನು ಅಡ್ಮಿಟ್ ಮಾಡಿದ್ವಿ. ಕೊಡ್ತೀನಿ, ಮಾತಾಡಿ."

ಅವಳ ದನಿ ಬಂತು. ಅದೇ ಹೊತ್ತಿಗೆ ನನ್ನ ತಲೆಯ ಮೇಲಿನ ಸ್ಪೀಕರಿನಲ್ಲಿ ಅನೌನ್ಸ್‌ಮೆಂಟು ಶುರುವಾಯಿತು. ಒಂದು ಭಾಷೆಯಲ್ಲಿ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು ಫ್ಲೈಟಿನದು.

"ಎಲ್ಲಿದ್ದೀಯ ಡೀ?"

"ಕ್ವಾಲಾಲಂಪುರದಲ್ಲೇ."

"ನಿನ್ನ ಮಗನಿಗೆ ಮ್ಯಾಪ್ ಓದೋದು ಕಲಿಸಿದ್ದು ಯಾರು?"

"ಸ್ವಲ್ಪ ಗಟ್ಟಿಯಾಗಿ ಹೇಳೇ, ಇಲ್ಲಿ ಗಲಾಟೆ."

ಗಟ್ಟಿಯಾಗಿ ಹೇಳು! ಅವಳಿಗೆ! ಮೆತ್ತಗೆ, ಮೆತ್ತಗೆ ಎಂದು ಊರೆಲ್ಲ ಬೇಡಿಕೊಂಡವಳಿಗೆ ನಾನು ಗಟ್ಟಿಯಾಗಿ ಹೇಳು ಎಂದೆ. ಅವಳು ಪ್ರಯತ್ನ ಮಾಡಿದಳು. ಗಂಟಲು ಕೆರೆದುಕೊಂಡದ್ದು ಕೇಳಿಸಿತು. ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ಫೋನು ಒತ್ತಿ, ಟಾಯ್ಲೆಟ್ಟಿನ ಕಡೆ ಓಡಿದೆ, ಅಲ್ಲಿ ಕೈ ಒಣಗಿಸುವ ಮೆಷಿನ್ ಭೋರೆನ್ನುತ್ತಿತ್ತು. ಹೊರಗೆ ಬಂದೆ. ಅವಳು ಏನೋ ಉದ್ದವಾಗಿ ಹೇಳುತ್ತಿದ್ದಳು. ನಮ್ಮ ಅಜ್ಜಿಯ ಹೆಸರು ಬಂತು, ಹುಳಿಯನ್ನದ ವಿಷಯ ಬಂತು, ಯಾವುದೋ ಸಿಸ್ಟರಿನ ಅಣಕ ಮಾಡಿದಳು, ಅದು ಅಣಕ ಎಂದು ದನಿಯ ಏರಿಳಿತದಿಂದ ತಿಳಿಯಿತು, ಮಾತು ತಿಳಿಯಲಿಲ್ಲ. ನಾನು ನಕ್ಕೆ. ಕೇಳಿಸದೆಯೇ ನಕ್ಕೆ. ಅವಳಿಗೆ ಗೊತ್ತಾಗಿರಬೇಕು.

"ಕೇಳಿಸ್ತಾ?" ಎಂದಳು.

"ಕೇಳಿಸ್ತು."

"ಸುಳ್ಳಿ" ಎಂದಳು. ನರ್ಸ್ ಬಂದಳು ಎಂದು ಮಗಳು ಫೋನು ತೆಗೆದುಕೊಂಡಳು.

ಗುರುವಾರ ಮಧ್ಯಾಹ್ನ ನಾನು ಪರ್ತ್‌ನಲ್ಲಿ ಇಳಿದಾಗ ಆಪರೇಷನ್ ಮುಗಿದಿತ್ತು. ಚೆನ್ನಾಗಿ ಆಯಿತು ಎಂದು ಡಾಕ್ಟರ್ ಹೇಳಿದ್ದರು. ಮಾರನೆಯ ದಿನ ನೋಡಲು ಬಿಟ್ಟರು. ಕುತ್ತಿಗೆಯಲ್ಲಿ ಒಂದು ತೂತು, ಅದರಲ್ಲಿ ನಳಿಕೆ, ಉಸಿರು ಅಲ್ಲಿಂದಲೇ ಹೋಗಿ ಬರುತ್ತಿತ್ತು. ಬಾಯಿ ಇತ್ತು, ತುಟಿ ಆಡುತ್ತಿತ್ತು, ಏನೂ ಬರುತ್ತಿರಲಿಲ್ಲ. ಎದೆಯ ಮೇಲೆ ಒಂದು ಬಿಳಿ ಹಲಗೆ ಇಟ್ಟಿದ್ದರು. ನನ್ನನ್ನು ನೋಡಿ ಪೆನ್ ಎತ್ತಿಕೊಂಡು ಬರೆದಳು: ದಪ್ಪಗಾಗಿದ್ದೀಯ. ನಾನು ಅವಳ ಕೈ ಹಿಡಿದುಕೊಂಡು ಒಂದಾದ ಮೇಲೊಂದು ಮಾತಾಡಿದೆ. ಟಿಕೆಟ್ಟು, ಮೊಸರು, ಭಾವ, ಸ್ಟೀಲಿನ ಕುರ್ಚಿ. ಬೈದೆ, ಎಲ್ಲರನ್ನೂ ಬೈದೆ. ಅವಳು ಕೇಳಿದಳು. ನಡುವೆ ಬಾಯಿ ಹಾಕಲು ಎರಡು ಸಲ ತುಟಿ ತೆರೆದಳು, ಆಮೇಲೆ ಹಲಗೆ ನೆನಪಾಗಿ ಪೆನ್ ಹುಡುಕಿದಳು. ಅವಳು ಬರೆದು ಮುಗಿಸುವಷ್ಟರಲ್ಲಿ ನಾನು ಬೇರೆ ಮಾತಿಗೆ ಹೋಗಿರುತ್ತಿದ್ದೆ. ಹಾಗೆ ನಮ್ಮ ಜಗಳವೂ ಸರಿಯಾಗಿ ನಡೆಯಲಿಲ್ಲ.

ಮೂರು ವಾರದ ಕೊನೆಗೆ, ನಾನು ಹೊರಡುವ ಹಿಂದಿನ ದಿನ, ಸ್ಪೀಚ್ ಥೆರಪಿಯವಳು ಟಾರ್ಚಿನ ಹಾಗಿನ ಒಂದು ಯಂತ್ರ ತಂದಳು. ಅದನ್ನು ಗಂಟಲಿಗೆ ಒತ್ತಿಕೊಂಡು ತುಟಿ ಆಡಿಸಿದರೆ ಶಬ್ದ ಬರುತ್ತದೆ. ಅವಳು ಒತ್ತಿಕೊಂಡಳು. "ಮಾಂ, ಬ, ಲಂ" ಎಂದು ಬಂತು. ಒಂದೇ ಸಮ, ಏರಿಲ್ಲ ಇಳಿವಿಲ್ಲ, ಮಿಕ್ಸಿಯೊಳಗಿಂದ ಯಾರೋ ಮಾತಾಡಿದ ಹಾಗೆ. ಅವಳ ಮಗಳು ಅತ್ತಳು. ಥೆರಪಿಯವಳು, ನರ್ಸುಗಳು, ಪಕ್ಕದ ಮಂಚದ ಅಜ್ಜ, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಒಳ್ಳೆಯ ಯಂತ್ರವೇ, ಅವಳಿಗೆ ಅದು ಬೇಕು, ಮುಂದೆ ಅದರಲ್ಲೇ ಬದುಕಬೇಕು, ಎಲ್ಲಾ ಗೊತ್ತು. ಆದರೂ ಕೈ ಏಳಲಿಲ್ಲ.

ಸಂತೋಷದಲ್ಲಿ ಅವಳ ಮಗಳು ನನ್ನ ಮಗನಿಗೆ ವಿಡಿಯೋ ಕಾಲ್ ಮಾಡಿದಳು. ಮಾಂಬಲಂನ ನಮ್ಮ ಮನೆಯ ಹಾಲ್ ಕಾಣಿಸಿತು, ಸೋಫಾ, ಹಿಂದೆ ಭಾವ ಇಣುಕುತ್ತಿದ್ದರು. ಗೆಳತಿ ಯಂತ್ರ ಒತ್ತಿಕೊಂಡು ಹಲೋ ಎಂದಳು.

"ವಾವ್ ಆಂಟಿ!" ಎಂದ ನನ್ನ ಮಗ. "ಸೂಪರ್! ಸೇಮ್ ಓಲ್ಡ್ ವಾಯ್ಸ್! ನೋಡಿದ್ಯಾ ಅಮ್ಮಾ? ಸುಮ್ಮನೆ ಅಷ್ಟು ಗಾಬರಿ ಮಾಡ್ಕೊಂಡ್ಯಲ್ಲ."

ನಾನು ಕೈ ಚಾಚಿ ಫೋನು ಆರಿಸಿದೆ. ಕೋಣೆಯಲ್ಲಿದ್ದವರು ಲೈನ್ ಕಟ್ ಆಯಿತು ಎಂದುಕೊಂಡರು. ಗೆಳತಿಗೆ ಗೊತ್ತಾಯಿತು. ಯಂತ್ರವನ್ನು ಮಡಿಲಲ್ಲಿಟ್ಟು ನಕ್ಕಳು, ಭುಜ ಎರಡೂ ಕುಣಿದವು, ಕಣ್ಣಲ್ಲಿ ನೀರು ಬಂತು. ಶಬ್ದವೊಂದೂ ಇಲ್ಲ. ನಾನು ಅವಳ ಬಾಯಿಯನ್ನೇ ನೋಡುತ್ತಾ ನಿಂತೆ. ನನಗೆ ನಗು ಬರಲಿಲ್ಲ. ವಾಪಸ್ ಬಂದು ಇಷ್ಟು ದಿನವಾಯಿತು, ಮಗ ಏನಾದರೂ ಜೋಕ್ ಹೇಳಿದರೆ ಸೊಸೆ ನಗುತ್ತಾಳೆ, ಭಾವ ನಗುತ್ತಾರೆ, ನನಗಿನ್ನೂ ಬಂದಿಲ್ಲ.